‘ವೈ’ ಒತ್ತುವ ಭಾವಮೈದುನ

ನನ್ನ ಭಾವಮೈದುನ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅಂಗೈಯನ್ನಲ್ಲ, ಟರ್ಮಿನಲ್ಲನ್ನು. ಹಲ್ಲುಜ್ಜುವ ಮೊದಲೇ ಅಪ್‌ಗ್ರೇಡ್ ಆಗಬೇಕು. ಆಗಿ, ಏನಾದರೂ ಕೆಡಬೇಕು. ಕೆಡದ ದಿನ ಅವನಿಗೆ ಕಾಫಿ ರುಚಿಸುವುದಿಲ್ಲ.

ಅವನದು ಡೆಬಿಯನ್ ಲಿನಕ್ಸಿನ ‘ಸಿಡ್’. ಡೆಬಿಯನ್ನಿನವರು ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. ಸಿಡ್ ಅದರಲ್ಲಿ ಆಟಿಕೆ ಮುರಿಯುವ ಪಕ್ಕದಮನೆ ಹುಡುಗ. ಉಳಿದವು ಸುಮಾರು ಎರಡು ವರ್ಷಕ್ಕೊಂದರಂತೆ ಬಿಡುಗಡೆಯಾಗಿ ಮನೆ ಬಿಟ್ಟು ಹೊರಡುತ್ತವೆ. ಸಿಡ್‌ಗೆ ಬಿಡುಗಡೆಯೇ ಇಲ್ಲ. ಹೆಸರಿನಲ್ಲೇ ಇಷ್ಟು ಎಚ್ಚರಿಕೆ ಕೊಟ್ಟವರನ್ನು ಬೈಯುವ ಹಾಗಿಲ್ಲ. ಬೈಯಬೇಕಾದದ್ದು ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದವನನ್ನು. “ಭಾವ, ನಿಮ್ಮದು ತೀರಾ ಹಳೇದಾಯ್ತು” ಅಂದ. ಲ್ಯಾಪ್‌ಟಾಪಿನ ಮಾತೆಂದುಕೊಂಡು ತಲೆಯಾಡಿಸಿದೆ.

2024ರ ಬೇಸಿಗೆ. 2038ರ ಜನವರಿ 19ಕ್ಕೆ 32 ಬಿಟ್ಟಿನ ಗಡಿಯಾರದ ಲೆಕ್ಕ ತುಂಬಿ ತುಳುಕುತ್ತದಂತೆ; ಅದಕ್ಕೆಂದು ನೂರಾರು ಲೈಬ್ರರಿಗಳ ಹೆಸರಿಗೆ ‘ಟಿ64’ ಎಂಬ ಬಾಲ ಕಟ್ಟುವ ಕೆಲಸ ಸಿಡ್‌ನಲ್ಲಿ ನಡೆದಿತ್ತು. ಹಳೆಯದು ಹೋಗಿ ಹೊಸದು ಬರುವ ನಡುವೆ ಅವನ್ನು ನೆಚ್ಚಿಕೊಂಡ ತಂತ್ರಾಂಶಗಳು ಅನಾಥ. ನಾನು ಲೇಖನ ಕಳಿಸಬೇಕಾದ ದಿನವೇ ಮಹಾಶಯ ಬಂದ. “ಒಂದೇ ನಿಮಿಷ ಭಾವ.” ಇಷ್ಟು ಬರುತ್ತವೆ, ಇಷ್ಟು ಹೋಗುತ್ತವೆ, ಮುಂದುವರಿಯಲೇ ಎಂದು ಯಂತ್ರ ಮರ್ಯಾದೆಯಿಂದಲೇ ಕೇಳಿತು. ಹೋಗುವವರ ಪಟ್ಟಿ ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರ’ ಪಟ್ಟಿಗಿಂತ ಉದ್ದವಿತ್ತು. ನನ್ನ ಡೆಸ್ಕ್‌ಟಾಪು, ಲಿಬ್ರೆಆಫೀಸು ಎರಡೂ ಅದರಲ್ಲಿದ್ದವು. ಓದದೆ ‘ವೈ’ ಒತ್ತಿದ.

ಆಮೇಲೆ ಕಪ್ಪು ಪರದೆ, ಮೂಲೆಯಲ್ಲೊಂದು ಮಿಣುಕು ಗೆರೆ.

“ಈಗ ನೋಡಿ ಮಜಾ” ಎಂದು ತೋಳೇರಿಸಿ ಜೇಬಿನಿಂದ ಪೆನ್‌ಡ್ರೈವ್ ತೆಗೆದ. (ನಾಮಕರಣಕ್ಕೆ ಹೋದರೂ ಅದು ಜೇಬಿನಲ್ಲಿರುತ್ತದೆ.) ರಾತ್ರಿ ಎರಡರವರೆಗೆ ಹಳೆಯ ಪ್ಯಾಕೇಜುಗಳನ್ನು ಹುಡುಕಿ ತಂದು ಕೂರಿಸಿದ. ನನ್ನವಳು ಅವನಿಗೆ ಬಿಸಿ ದೋಸೆ ಕೊಟ್ಟಳು, ನನಗೆ, “ಪಾಪ, ನಿಮಗೋಸ್ಕರ ನಿದ್ದೆಗೆಟ್ಟಿದಾನೆ.” ನಾನು ಲೇಖನವನ್ನು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಕುಟ್ಟುತ್ತಿದ್ದೆ.

ಅದೇ ವರ್ಷ ಮಾರ್ಚ್ ಕೊನೆಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ತಮ್ಮ ಸಿಡ್ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿ, ‘ಎಕ್ಸ್‌ಝಡ್’ ತಂತ್ರಾಂಶದಲ್ಲಿ ಯಾರೋ ಅಡಗಿಸಿದ್ದ ಕಳ್ಳಬಾಗಿಲನ್ನು ಹಿಡಿದರು. ಬಿಡುಗಡೆಯಾದ ಸ್ಥಿರ ಆವೃತ್ತಿಗೆ ಅದಿನ್ನೂ ತಲುಪಿರಲಿಲ್ಲ. “ನೋಡಿದ್ರಾ, ನಮ್ಮಂಥವರು ಇಲ್ಲದಿದ್ರೆ!” ಎಂದು ಭಾವಮೈದುನ ವಾರವಿಡೀ ಎದೆಯುಬ್ಬಿಸಿದ. ಆ ಬಾಗಿಲು ಅವನ ಯಂತ್ರದಲ್ಲೂ ಇತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಆದರೂ ಅವನ ಮಾತು ಪೂರ್ತಿ ಸುಳ್ಳಲ್ಲ. ಕರೆಂಟ್ ಬಿಲ್ಲು ಕಟ್ಟಲು ಮರೆಯುವ ಈ ಪುಣ್ಯಾತ್ಮ, ಎಲ್ಲಿ ಏನು ಕೆಟ್ಟಿತೆಂದು ನಡುರಾತ್ರಿ ಕೂತು ಯಾವುದೋ ದೇಶದ ಕಾಣದ ಮನುಷ್ಯನಿಗೆ ವರದಿ ಬರೆಯುತ್ತಾನೆ. ಸಂಬಳವಿಲ್ಲ, ಸನ್ಮಾನವಿಲ್ಲ.

ಈಗ ನನ್ನದು 2025ರಲ್ಲಿ ಬಂದ ಸ್ಥಿರ ಆವೃತ್ತಿ ‘ಟ್ರಿಕ್ಸಿ’. ಏನೂ ಕೆಡುವುದಿಲ್ಲ. ಭಾವಮೈದುನ ಬರುವುದೂ ಕಡಿಮೆಯಾಗಿದೆ. ಮೊನ್ನೆ ನಾನೇ ಫೋನು ಮಾಡಿ, ಪ್ರಿಂಟರ್ ಯಾಕೋ ಸುಮ್ಮನೆ ಕೂತಿದೆ ಮಾರಾಯ ಅಂದೆ.

“ನಿಜವಾಗ್ಲೂ ಕೆಟ್ಟಿದೆಯಾ ಭಾವ?” ದನಿಯಲ್ಲಿ ಆಸೆಯಿತ್ತು.

ಹೌದಪ್ಪ ಎಂದು ಫೋನಿಟ್ಟು, ಅವನು ಬರುವುದರೊಳಗೆ ಪ್ರಿಂಟರಿನ ವೈರು ಕಿತ್ತಿಟ್ಟೆ.