ತ್ವರಾಶುಲ್ಕ ಮೀಮಾಂಸೆ

ಸರ್ಕಾರವು ತಾನು ಹೇಗೂ ಮಾಡಬೇಕಾದ ಕೆಲಸವನ್ನು ಬೇಗ ಮಾಡಿಕೊಡುವುದಕ್ಕೆ ಪಡೆಯುವ ಹೆಚ್ಚುವರಿ ಹಣವೇ ತ್ವರಾಶುಲ್ಕ. ವೀಸಾ, ಪಾಸ್‌ಪೋರ್ಟ್, ಕೆಲಸದ ಪರವಾನಗಿ ಮುಂತಾದ ಕಾಗದಗಳ ಪ್ರದೇಶದಲ್ಲಿ ಇದರ ಫಸಲು ಹುಲುಸು. ಇದನ್ನು ವಸೂಲು ಮಾಡುವುದು ಸರ್ಕಾರಕ್ಕೆ ಸಲ್ಲುತ್ತದೆಯೇ ಎಂಬುದು ಈ ಅಧಿಕರಣದ ಸಂಶಯ. ತೊಡಕು ಲಕ್ಷಣದಲ್ಲಿಯೇ ಹುಟ್ಟುತ್ತದೆ. ಮೇಜಿನ ಕೆಳಗಿನಿಂದ ದಾಟುವ ಹಣಕ್ಕೂ ಮೇಲಿನ ಲಕ್ಷಣ ಚೆನ್ನಾಗಿ ಹೊಂದುವುದರಿಂದ ಅತಿವ್ಯಾಪ್ತಿ ದೋಷ ಬರುತ್ತದೆ. ಪರಿಹಾರವಾಗಿ 'ರಸೀದಿಸಹಿತವಾದ' ಎಂಬ ವಿಶೇಷಣವನ್ನು ಸೇರಿಸಿಕೊಳ್ಳಬೇಕು. ರಸೀದಿಯಿದ್ದರೆ ಶುಲ್ಕ, ಇಲ್ಲದಿದ್ದರೆ ಲಂಚ. ಕಡತ ಅದೇ, ಗುಮಾಸ್ತ ಅವನೇ, ಅರ್ಜಿದಾರನ ಎದೆಬಡಿತವೂ ಅಷ್ಟೇ. ಹಣ ಸೇರುವ ಜೇಬು ಮಾತ್ರ ಬೇರೆ. ಭೇದ ಚಿಕ್ಕದೇನಲ್ಲ, ಆದರೆ ಇರುವುದು ಅದೊಂದೇ.

ಪ್ರಾಚೀನರಲ್ಲಿ ಇದಕ್ಕೆ ಆಧಾರ ಹುಡುಕಿದವರಿಗೆ ನಿರಾಶೆ ಕಾದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ತೆಗೆದುಕೊಂಡು ಮುದ್ರೆಯೊತ್ತಿದ ರಹದಾರಿ ಕೊಡುವುದು ಅವನ ಕೆಲಸ. ರಹದಾರಿಯಿಲ್ಲದೆ ನಾಡಿನ ಗಡಿ ದಾಟಿದವನಿಗೆ 12 ಪಣ ದಂಡ. ಉಪ್ಪಿನಿಂದ ಹಿಡಿದು ಗಣಿಕೆಯರ ಸಂಪಾದನೆಯವರೆಗೆ ಎಲ್ಲದರಲ್ಲೂ ಖಜಾನೆಯ ಪಾಲನ್ನು ಕಂಡ ಆಚಾರ್ಯನಿಗೆ, ಎರಡು ಮಾಷಕ ಕೊಟ್ಟವನಿಗೆ ಇವತ್ತೇ, ಒಂದು ಕೊಟ್ಟವನಿಗೆ ಮುಂದಿನ ಹುಣ್ಣಿಮೆಗೆ ಎಂಬ ಉಪಾಯ ಹೊಳೆಯಲಿಲ್ಲ. ಅವನ ಬುದ್ಧಿಯನ್ನು ಇದಕ್ಕಾಗಿ ಶಂಕಿಸಬೇಕಾಗಿಲ್ಲ. ವಿಳಂಬದ ದಾಸ್ತಾನು ಇಲ್ಲದೆ ತ್ವರೆಯ ವ್ಯಾಪಾರ ನಡೆಯದು. ಸಾಮಾನ್ಯ ಸರದಿಯೇ ಚುರುಕಾಗಿ ಸಾಗಿದರೆ ವಿಶೇಷ ಸರದಿಗೆ ದುಡ್ಡು ಕೊಡುವವರಾರು?

ಈ ಶಾಸ್ತ್ರದ ಆಧುನಿಕ ಪೀಠ ಅಮೆರಿಕ. ಅಲ್ಲಿನ ಸಂಸತ್ತು 2000ದ ಡಿಸೆಂಬರಿನಲ್ಲಿ ಅನುಮತಿ ಕೊಟ್ಟು, 2001ರ ಜೂನ್‌ನಿಂದ 1,000 ಡಾಲರ್‌ಗೆ 15 ದಿನದ ಭರವಸೆ ಮಾರಾಟಕ್ಕೆ ಬಂತು. ಪ್ರೀಮಿಯಂ ಪ್ರೊಸೆಸಿಂಗ್ ಎಂಬ ಈ ಪದ್ಧತಿಯಲ್ಲಿ ಮೂಲ ಅರ್ಜಿಯ ಜೊತೆಗೆ ಐ-907 ಎಂಬ ಇನ್ನೊಂದು ಅರ್ಜಿ ಹಾಕಬೇಕು. ಅಂದರೆ ಅರ್ಜಿಯನ್ನು ನೋಡಿರೆಂದು ಕೋರುವ ಅರ್ಜಿ. ಎಚ್-1ಬಿ ಎಂಬ ಕೆಲಸದ ವೀಸಾದ ಒಪ್ಪಿಗೆಗಳಲ್ಲಿ ಹತ್ತಕ್ಕೆ ಸುಮಾರು ಏಳು ಭಾರತೀಯರ ಪಾಲಾದ್ದರಿಂದ ವೈಟ್‌ಫೀಲ್ಡ್‌ನ ಮನೆಗಳಲ್ಲೂ ಇದು ಪಂಚಾಂಗದಷ್ಟೇ ಪರಿಚಿತ.

ಶುಲ್ಕದ ಉದ್ದೇಶಗಳಲ್ಲಿ ಬಾಕಿ ಅರ್ಜಿಗಳ ರಾಶಿಯನ್ನು ಕರಗಿಸುವುದೂ ಒಂದು. ರಾಶಿ ಪೂರ್ತಿ ಕರಗಿದ ದಿನ ಶುಲ್ಕ ಕೊಡುವವರು ಇರುವುದಿಲ್ಲ. ಶುಲ್ಕ ಬರುವ ತನಕ ರಾಶಿ ಕರಗಿರುವುದಿಲ್ಲ. ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ತಾರ್ಕಿಕರು ಹೇಳಬಹುದು. ಲೆಕ್ಕಿಗರು ಸ್ಥಿರ ಆದಾಯವೆನ್ನುತ್ತಾರೆ. 2020ರಲ್ಲಿ ಅಲ್ಲಿನ ವಲಸೆ ಇಲಾಖೆಯ ಕೈ ಬರಿದಾಗಿ, 13,000ಕ್ಕೂ ಹೆಚ್ಚು ನೌಕರರನ್ನು ಸಂಬಳವಿಲ್ಲದ ರಜೆಗೆ ಕಳಿಸುವ ಮಾತು ಬಂದಾಗ, ಶುಲ್ಕವನ್ನು 1,440 ಡಾಲರ್‌ನಿಂದ 2,500ಕ್ಕೆ ಏರಿಸುವ ಕಾನೂನಾಯಿತು. ಕಾಯಿಸಿದವರ ಸಂಬಳ ಕಾಯಲಾರದವರ ತಲೆಗೆ ಬಿತ್ತು.

ಇನ್ನು ಕಾಲನಿರ್ಣಯ. ಶುಲ್ಕ ತೆತ್ತವನಿಗೆ ಸಿಗುವುದೇನು? ಒಪ್ಪಿಗೆಯಲ್ಲ. ಇಷ್ಟು ದಿನದೊಳಗೆ ಇಲಾಖೆ 'ಕ್ರಮ' ಕೈಗೊಳ್ಳುತ್ತದೆ ಎಂಬ ಭರವಸೆ ಮಾತ್ರ. ಒಪ್ಪುವುದು ಕ್ರಮ, ತಿರಸ್ಕರಿಸುವುದೂ ಕ್ರಮ, ಇನ್ನಷ್ಟು ಪುರಾವೆ ತನ್ನಿರೆಂದು ಪತ್ರ ಬರೆಯುವುದಂತೂ ಸರ್ವಸುಲಭವಾದ ಕ್ರಮ. ಆ ಪತ್ರ ಹೊರಟೊಡನೆ ಗಡಿಯಾರ ನಿಲ್ಲುತ್ತದೆ. ಉತ್ತರ ತಲುಪಿದ ಮೇಲೆ ಹೊಸದಾಗಿ ಒಂದರಿಂದ ಎಣಿಕೆ. ದೇವಸ್ಥಾನದ ವಿಶೇಷ ದರ್ಶನದ ಚೀಟಿಗೆ ಇದನ್ನು ಹೋಲಿಸುವವರಿದ್ದಾರೆ, ಆದರೆ ಹೋಲಿಕೆ ಕೂಡುವುದಿಲ್ಲ. ಚೀಟಿ ಪಡೆದ ಭಕ್ತನನ್ನು ಗರ್ಭಗುಡಿಯ ಬಾಗಿಲಲ್ಲಿ ನಿಲ್ಲಿಸಿ, ಭಕ್ತಿಗೆ ಹೆಚ್ಚುವರಿ ದಾಖಲೆ ತೋರಿಸೆಂದು ಯಾವ ಅರ್ಚಕರೂ ಕೇಳುವುದಿಲ್ಲ.

'ದಿನ' ಎಂಬುದರ ಅರ್ಥದಲ್ಲೂ ಬೆಳವಣಿಗೆಯಾಗಿದೆ. 2024ರ ಫೆಬ್ರವರಿ 26ರಂದು ಶುಲ್ಕ 2,805 ಡಾಲರ್ ಆಯಿತು. ಅದಾಗಿ ಐದು ವಾರಕ್ಕೆ, ಏಪ್ರಿಲ್ 1ರಂದು, ಹದಿನೈದು ದಿನವೆಂದರೆ ಹದಿನೈದು ಕೆಲಸದ ದಿನ ಎಂಬ ವ್ಯಾಖ್ಯಾನ ಜಾರಿಗೆ ಬಂತು. ಶನಿವಾರ, ಭಾನುವಾರ, ರಜಾದಿನಗಳು ಎಣಿಕೆಯಿಂದ ಹೊರಗೆ. ಹೀಗೆ ತ್ವರೆಯ ಬೆಲೆ ಏರಿತು, ತ್ವರೆ ನಿಧಾನವಾಯಿತು. ತಾರೀಖನ್ನು ಆರಿಸಿದವರಿಗೆ ಹಾಸ್ಯಪ್ರಜ್ಞೆಯಿತ್ತೆಂದು ಹೇಳಲು ಪ್ರಮಾಣವಿಲ್ಲ. ಗಡುವು ಮೀರಿದರೆ ಶುಲ್ಕ ವಾಪಸಾಗುತ್ತದೆ ಎಂಬುದನ್ನೂ ನ್ಯಾಯವಾಗಿ ಇಲ್ಲಿ ದಾಖಲಿಸಬೇಕು. ಅಷ್ಟು ಮರ್ಯಾದೆ ಮೇಜಿನ ಕೆಳಗಿನ ವ್ಯವಹಾರದಲ್ಲಿಲ್ಲ.

ಪೂರ್ವಪಕ್ಷವೊಂದಿದೆ: ಕೊಡುವವನು ಕೊಟ್ಟರೆ ಕೊಡದವನಿಗೇನು ನಷ್ಟ? ಇದಕ್ಕೆ ಉತ್ತರವನ್ನು ಇಲಾಖೆಯೇ ಕೊಟ್ಟಿದೆ. 2017ರ ಏಪ್ರಿಲ್‌ನಲ್ಲಿ ಅದು ಎಚ್-1ಬಿಗೆ ತ್ವರಿತ ಸೇವೆಯನ್ನು ಕೆಲಕಾಲ ನಿಲ್ಲಿಸಿತು. ತ್ವರಿತ ಅರ್ಜಿಗಳು ವಿಪರೀತ ಹೆಚ್ಚಿದ್ದರಿಂದ ಹಳೆಯ ಅರ್ಜಿಗಳನ್ನು ಮುಟ್ಟಲಾಗಿಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಹಿಂದಿಕ್ಕುವವರೇ ತುಂಬಿ ದಾರಿ ಕಟ್ಟಿತ್ತು. ಪೂರ್ವಪಕ್ಷ ಇಲ್ಲಿಗೆ ಖಂಡಿತ.

ತ್ವರೆಯ ಪರಾಕಾಷ್ಠೆ ಗ್ರೀನ್ ಕಾರ್ಡಿನಲ್ಲಿ ಕಾಣುತ್ತದೆ. ಉದ್ಯೋಗದಾತ ಹಾಕುವ ಐ-140 ಅರ್ಜಿಗೆ ಶುಲ್ಕ ತೆತ್ತು ಮೂರು ವಾರದಲ್ಲಿ ಒಪ್ಪಿಗೆ ಪಡೆಯಬಹುದು. ಆಮೇಲೆ, ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚಿಲ್ಲವೆಂಬ ಮಿತಿಯಿಂದಾಗಿ, ಭಾರತದಲ್ಲಿ ಹುಟ್ಟಿದವನು ದಶಕಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಮಗುವಾಗಿ ಕೋಲಾಟವಾಡಿದವಳು ಕಾಲೇಜು ಸೇರಿದರೂ ಅಪ್ಪನ ಸರದಿ ಬಂದಿರುವುದಿಲ್ಲ. ನಿಧಾನದ ಸಾಲಿನ ಬಾಲಕ್ಕೆ ಅತಿವೇಗವಾಗಿ ತಲುಪಿಸುವ ಈ ಸೇವೆಗೂ ದರ ಪೂರ್ತಿಯೇ.

ನ್ಯಾಯವನ್ನು ಮಾರುವುದಿಲ್ಲ, ತಡೆಯುವುದಿಲ್ಲ, ತಡಮಾಡುವುದಿಲ್ಲವೆಂದು ಇಂಗ್ಲೆಂಡಿನ ದೊರೆ 1215ರ ಮ್ಯಾಗ್ನ ಕಾರ್ಟದಲ್ಲಿ ಮುದ್ರೆಯೊತ್ತಿ ಕೊಟ್ಟ ಮಾತು ಶುಲ್ಕವಿರೋಧಿಗಳ ಬ್ರಹ್ಮಾಸ್ತ್ರ. ಅದೇ ದೇಶದಲ್ಲಿ ಈಚೆಗೆ ಸೂಪರ್ ಪ್ರಯಾರಿಟಿ ಸೇವೆಗೆ 1,000 ಪೌಂಡ್ ಕೊಟ್ಟರೆ ಮರುದಿನವೇ ನಿರ್ಧಾರ. ವಿರೋಧ ಮೇಲ್ನೋಟದ್ದು. ವೀಸಾ ಯಾರ ಹಕ್ಕೂ ಅಲ್ಲವಾದ್ದರಿಂದ ಅದು ನ್ಯಾಯವಲ್ಲ, ನ್ಯಾಯವಲ್ಲವಾದ್ದರಿಂದ ಮಾರಬಹುದು.

ಕರ್ನಾಟಕದಲ್ಲಿ ಹುಟ್ಟಿದ ಒಂದು ಪಾಷಂಡ ಮತವನ್ನೂ ಹೇಳಬೇಕು. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಹಾಗೆ, ಅರ್ಜಿದಾರನಿಗೇ ಪರಿಹಾರ ಸಲ್ಲಬೇಕು. ಅದೂ ತಡಮಾಡಿದವರ ಸಂಬಳದಿಂದ. ಹಣದ ಹರಿವನ್ನೇ ತಿರುಗಿಸುವ ಈ ಮತವನ್ನು ವಾಷಿಂಗ್ಟನ್ನಾಗಲಿ ಲಂಡನ್ನಾಗಲಿ ಪರಾಮರ್ಶಿಸಿದಂತಿಲ್ಲ. ದೆಹಲಿಯೂ ತತ್ಕಾಲ್ ಪಾಸ್‌ಪೋರ್ಟಿಗೆ 1,500 ರೂಪಾಯಿಯ ಮೇಲೆ 2,000 ಪಡೆದು ಸನಾತನ ಪಕ್ಷದಲ್ಲಿಯೇ ಇದೆ.

ಶುಲ್ಕವಿಲ್ಲದ ತ್ವರೆಯೂ ಅಮೆರಿಕದಲ್ಲುಂಟು. ಗಂಡ, ಹೆಂಡತಿ, ತಂದೆ, ತಾಯಿಯರಿಗಾಗಿ ಹಾಕುವ ಐ-130 ಅರ್ಜಿಗೆ ಪ್ರೀಮಿಯಂ ಸೇವೆ ಇಲ್ಲ. ಸಂಕಟವಿದ್ದರೆ ಬೇಗ ಮಾಡಿರೆಂದು ಬೇಡಿಕೊಳ್ಳಬಹುದು. ಆಗ ಸಂಕಟಕ್ಕೆ ಪುರಾವೆ ಒದಗಿಸಬೇಕು; ಒಪ್ಪುವುದು ಬಿಡುವುದು ಅಧಿಕಾರಿಯ ವಿವೇಚನೆ. 2,805 ಡಾಲರ್ ಕೊಟ್ಟವನನ್ನು ಮಾತ್ರ ಅವಸರವೇಕೆಂದು ಯಾರೂ ಕೇಳಲಿಲ್ಲ.