ಪರದೇಶ ಕಾರ್ಡ್ ಮೀಮಾಂಸೆ: ಪಶ್ಚಿಮ ಬೆಂಗಳೂರಿನ ನಾಲ್ಕು ಶಾಖೆಗಳು

ಅನುಬಂಧ ಚತುಷ್ಟಯ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಇವು ನಾಲ್ಕನ್ನೂ ಹೇಳದೆ ಶಾಸ್ತ್ರಗ್ರಂಥ ಶುರುಮಾಡಬಾರದು ಎಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ.

ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಪಾಸ್‌ಪೋರ್ಟ್ ಮಾಡಿಸಿಕೊಂಡು, ಸೂಟ್‌ಕೇಸನ್ನು ಮೂರು ಸಲ ತೂಗಿ, ಚಟ್ನಿಪುಡಿಗೆ ಜಾಗ ಮಾಡಿ, ಜೇಬಿನ ಕಾರ್ಡ್ ಆ ದೇಶದಲ್ಲಿ ನಡೆಯುತ್ತದೋ ಇಲ್ಲವೋ ಎಂಬುದೊಂದನ್ನು ಮಾತ್ರ ಯೋಚಿಸದೆ ಉಳಿದಿರುವ ಗೃಹಸ್ಥ. ವಿಷಯ, 85.6 ಮಿ.ಮೀ. ಉದ್ದ, 53.98 ಮಿ.ಮೀ. ಅಗಲದ ಒಂದು ಪ್ಲಾಸ್ಟಿಕ್ ತುಂಡು. ಅಳತೆ ಲೋಕಕ್ಕೆಲ್ಲ ಒಂದೇ, ಮರ್ಯಾದೆ ಮಾತ್ರ ಅಂಗಡಿಗೊಂದು. ಸಂಬಂಧ, ಆ ತುಂಡಿಗೂ ಅಂಗಡಿಯವನ ಮಿಷನ್ನಿಗೂ ಇರುವಂಥದ್ದು. ಜಾತಕ ಕೂಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಯೋಜನ, ತುಂಬಿದ ಗಾಡಿ ತಳ್ಳಿಕೊಂಡು ಬಿಲ್ಲಿಂಗ್ ಕೌಂಟರಿಗೆ ಬಂದು, ಹಿಂದೆ ಸಾಲು ಬೆಳೆಯುತ್ತಿರುವಾಗ ಸೊಸೆಯ ಮುಖ ನೋಡಬೇಕಾಗಿ ಬರುವ ದೋಷದ ನಿವಾರಣೆ.

ಪ್ರಮಾಣ ವಿಚಾರ

ಕಾರ್ಡ್ ನಡೆಯುತ್ತದೆ ಎಂದು ತಿಳಿಯುವುದು ಹೇಗೆ? ಪಂಡಿತರು ಮೂರು ಪ್ರಮಾಣಗಳನ್ನು ಹೇಳುತ್ತಾರೆ. ಮೊದಲನೆಯದು ಶಬ್ದ ಪ್ರಮಾಣ, ಅಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡುವ ಕಾರ್ಡ್ ಮಾರಾಟಗಾರನ ವಾಕ್ಯ: ‘ಎಲ್ಲಾ ಕಡೆ ನಡೆಯುತ್ತೆ ಸರ್.’ ಇದು ಆಪ್ತವಾಕ್ಯವಲ್ಲ. ಆತ ಅದೇ ಮಾತನ್ನು ಎಲ್ಲ ಕಾರ್ಡಿಗೂ ಹೇಳುತ್ತಾನೆ. ಎರಡನೆಯದು ಅನುಮಾನ: ‘ಭಾವಮೈದುನನಿಗೆ ದುಬೈನಲ್ಲಿ ನಡೆಯಿತು, ಆದ್ದರಿಂದ ನಮಗೆ ಜರ್ಮನಿಯಲ್ಲಿ ನಡೆಯುತ್ತದೆ.’ ಇದು ಶುದ್ಧ ಹೇತ್ವಾಭಾಸ. ಜರ್ಮನಿಯ ಎಷ್ಟೋ ಬೇಕರಿಗಳಲ್ಲಿ ಇಂದಿಗೂ ನಗದಿಗೇ ಪ್ರಾಶಸ್ತ್ಯ. ಮಿಷನ್ ಕಂಡರೂ ಅದು ಗಿರೋಕಾರ್ಡ್ ಎಂಬ ಅವರ ಮನೆಯ ಕಾರ್ಡನ್ನು ಮಾತ್ರ ಒಪ್ಪುವಂಥದ್ದಾಗಿರಬಹುದು. ಮೂರನೆಯದು ಪ್ರತ್ಯಕ್ಷ. ಅಂಗಡಿಯ ಬಾಗಿಲ ಗಾಜಿಗೆ ಅಂಟಿಸಿರುವ ಚಿಹ್ನೆಗೂ ನಿಮ್ಮ ಕಾರ್ಡಿನ ಮೂಲೆಯ ಚಿಹ್ನೆಗೂ ತಾಳೆಯಾದರೆ ಅದೇ ಪ್ರತ್ಯಕ್ಷ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಮೆರೆಯುವುದು ಬ್ಯಾಂಕಿನ ಹೆಸರು. ಹೊರದೇಶದ ಅಂಗಡಿಯವನಿಗೆ ಅದರ ಗೊಡವೆಯಿಲ್ಲ. ಅವನು ಕೇಳುವುದು ಮೂಲೆಯಲ್ಲಿ ಸಣ್ಣಗೆ ಕೂತ ಜಾಲದ ಗುರುತು ಯಾವುದೆಂದು: ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಅಥವಾ ರುಪೇ. ಹಣೆಯ ನಾಮ ನೋಡಿ ಪಂಕ್ತಿ ತೋರಿಸುವ ಮಠದ ಪಾರುಪತ್ಯಗಾರನ ಕಣ್ಣು ಅವನದು.

ಪೂರ್ವಪಕ್ಷ: ನಾಲ್ಕು ಶಾಖೆಗಳ ಮತ

ಈ ವಿಷಯದಲ್ಲಿ ಪಶ್ಚಿಮ ಬೆಂಗಳೂರಿನಲ್ಲಿ ನಾಲ್ಕು ಶಾಖೆಗಳು ಪ್ರಚಲಿತ. ದರ್ಶಿನಿಗಳ ನಿಲ್ಲುವ ಮೇಜುಗಳ ಬಳಿ ಬೈಟು ಕಾಫಿ ಹಿಡಿದು ಕಿವಿಗೊಟ್ಟು ಇವುಗಳ ಪಾಠಾಂತರಗಳನ್ನು ಸಂಗ್ರಹಿಸಲಾಗಿದೆ.

ರಾಜಾಜಿನಗರ ಶಾಖೆ ಅತ್ಯಂತ ಪ್ರಾಚೀನವಾದುದು. ಭಾಷ್ಯಂ ಸರ್ಕಲ್ಲಿನಿಂದ ನವರಂಗ್‌ವರೆಗೆ ಹಬ್ಬಿದೆ. ಇದರ ಆಚಾರ್ಯರೆಲ್ಲ ನಿವೃತ್ತರು. ‘ಕೈಯಲ್ಲಿರುವುದೇ ದುಡ್ಡು, ಮಿಕ್ಕಿದ್ದೆಲ್ಲ ಮಾಯೆ’ ಎಂಬುದು ಇವರ ಮತ. ಡಾಲರ್ ನೋಟುಗಳನ್ನು ಬನಿಯನ್ನಿನ ಒಳಜೇಬಿಗಿಟ್ಟು ಪಿನ್ ಹಾಕಿ, ಇಪ್ಪತ್ತು ಗಂಟೆ ವಿಮಾನದಲ್ಲಿ ಎದೆ ಮುಟ್ಟಿ ನೋಡಿಕೊಳ್ಳುತ್ತ ಕೂರುವುದು ಇವರ ಸಾಧನೆ. ಈ ಮತಕ್ಕೆ ರಿಸರ್ವ್ ಬ್ಯಾಂಕೇ ಮಿತಿ ಹಾಕಿದೆ: ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ನೋಟು ಒಯ್ಯಬಹುದು, ಉಳಿದದ್ದು ಕಾರ್ಡ್ ಮುಂತಾದ ರೂಪದಲ್ಲಿರಬೇಕು. ಮೇಲಾಗಿ ಹೋಟೆಲಿನವರು ಡಿಪಾಸಿಟ್ ಎಂದು ಕಾರ್ಡನ್ನೇ ಕೇಳುತ್ತಾರೆ. ಬನಿಯನ್ ತೋರಿಸಿದರೆ ಒಪ್ಪುವುದಿಲ್ಲ.

ವಿಜಯನಗರ ಶಾಖೆಯವರು ಲೌಂಜ್ ವಾದಿಗಳು. ಕಾರ್ಡಿನ ಪರಮಪುರುಷಾರ್ಥವೆಂದರೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಉಪ್ಪಿಟ್ಟು ಎಂದು ಇವರು ಪ್ರತಿಪಾದಿಸುತ್ತಾರೆ. ವಾರ್ಷಿಕ ಶುಲ್ಕ ಹೆಚ್ಚಿದಷ್ಟೂ, ಮೇಜಿನ ಮೇಲೆ ಇಟ್ಟರೆ ಟಣ್ಣೆಂದಷ್ಟೂ ಕಾರ್ಡ್ ಶ್ರೇಷ್ಠ. ಇವರು ಮರೆತಿರುವ ಸಂಗತಿಯೆಂದರೆ, ಪ್ರತಿ ವ್ಯಾಪಾರಕ್ಕೂ ಅಂಗಡಿಯವನು ಶುಲ್ಕ ತೆರಬೇಕು. ಅಮೆರಿಕನ್ ಎಕ್ಸ್‌ಪ್ರೆಸ್ಸಿನಂಥ ಕಾರ್ಡುಗಳಿಗೆ ಅದು ಮೊದಲಿನಿಂದಲೂ ಹೆಚ್ಚು. ಹಾಗಾಗಿ ಲೌಂಜಿನಲ್ಲಿ ನಮಸ್ಕಾರ ಗಿಟ್ಟಿಸಿದ ಕಾರ್ಡಿಗೆ ಯೂರೋಪಿನ ಸಣ್ಣ ಹೋಟೆಲಿನಲ್ಲಿ ‘ಬೇರೆ ಕಾರ್ಡ್ ಇದೆಯೇ?’ ಎಂಬ ಪ್ರಶ್ನೆ ಎದುರಾಗುತ್ತದೆ. 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡೈನರ್ಸ್ ಕ್ಲಬ್ ಹೋಟೆಲ್ ಬಿಲ್ ತೀರಿಸುವುದಕ್ಕೇ ಅವತರಿಸಿದ್ದು. ಇಂದು ವೀಸಾ, ಮಾಸ್ಟರ್‌ಕಾರ್ಡ್ ಹೊಕ್ಕಷ್ಟು ಬಾಗಿಲುಗಳನ್ನು ಅದು ಹೊಗಲಾರದು ಎಂಬುದು ಕಾಲಮಹಿಮೆ.

ಬಸವೇಶ್ವರನಗರ ಶಾಖೆ ‘ಮಗ ಅಮೆರಿಕದಲ್ಲಿದ್ದಾನೆ’ ಎಂಬ ಏಕಸೂತ್ರದ ಮೇಲೆ ನಿಂತಿದೆ. ಎಲ್ಲವನ್ನೂ ಮಗನೇ ನೋಡಿಕೊಳ್ಳುತ್ತಾನೆ ಎಂಬ ಶರಣಾಗತಿ ಇದರ ತಿರುಳು. ಆದರೂ ಒಂದು ದಿನ ಸ್ವಾಭಿಮಾನ ಹೆಡೆಯೆತ್ತಿ, ಕಾಸ್ಟ್‌ಕೋದಲ್ಲಿ ತಂದೆಯವರು ‘ಇವತ್ತು ನಾನು ಕೊಡ್ತೀನಿ ಕಣೋ’ ಎಂದು ಕಾರ್ಡ್ ತೆಗೆಯುತ್ತಾರೆ. ಅಮೆರಿಕದ ಕಾಸ್ಟ್‌ಕೋ 2016ರಿಂದ ಕ್ರೆಡಿಟ್ ಕಾರ್ಡ್ ಪೈಕಿ ವೀಸಾ ಮಾತ್ರ ತೆಗೆದುಕೊಳ್ಳುತ್ತದೆ. ಅದೇ ಅಂಗಡಿ ಕೆನಡಾದಲ್ಲಿ ಮಾಸ್ಟರ್‌ಕಾರ್ಡ್ ಕೇಳುತ್ತದೆ. ಇನ್ನು ಪೆಟ್ರೋಲ್ ಪಂಪಿನ ಮಿಷನ್ ಐದಂಕಿಯ ಜಿಪ್ ಕೋಡ್ ಕೇಳಿದರೆ, 1972ರಿಂದ ಆರಂಕಿಯ ಪಿನ್ ಕೋಡ್ ಅಭ್ಯಾಸವಾಗಿರುವ ದೇಶದ ನಾಗರಿಕರು 560079 ಎಂದು ಒತ್ತಲು ಹೋಗಿ ಕೊನೆಯ 9ಕ್ಕೆ ಜಾಗ ಸಿಗದೆ ನಿಲ್ಲುತ್ತಾರೆ. ಪರಿಹಾರವಿಷ್ಟೆ: ಒಳಗೆ ಹೋಗಿ ಕ್ಯಾಷಿಯರ್ ಬಳಿ ಮುಂಚಿತವಾಗಿ ಕಟ್ಟುವುದು.

ಕೆಂಗೇರಿ ಶಾಖೆ ನವೀನವಾದುದು. 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲೆ ಬಲಿಯಿತು. ಇವರಿಗೆ ಕಾರ್ಡ್ ಎಂಬುದೇ ಪೂರ್ವಜನ್ಮದ ವಾಸನೆ. ಸ್ಕ್ಯಾನ್ ಮಾಡಿದರೆ ಮುಗಿಯಿತು. ಯುಪಿಐ ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್‌ಗಳಲ್ಲಿ ಕಾಲಿಟ್ಟಿದೆ, 2024ರಲ್ಲಿ ಐಫೆಲ್ ಗೋಪುರದ ಟಿಕೆಟ್ಟಿಗೂ ಬಂದಿದೆ ಎಂಬುದು ನಿಜ. ಗೋಪುರ ಇಳಿದು ಎದುರಿನ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುವಾಗ ಅದು ನಡೆಯುತ್ತದೆಂಬ ಭರವಸೆಯಿಲ್ಲ. ಮೆಟ್ರೋ ಗೇಟ್ ತೆರೆಯುವ ಎನ್‌ಸಿಎಂಸಿ ಕಾರ್ಡ್ ಕೂಡ ರುಪೇ, ದೇಶದೊಳಗೆ ಸೊಗಸು. ಹೊರಗೆ ನಡೆಯಬೇಕಾದರೆ ರುಪೇ ಕಾರ್ಡ್ ‘ಗ್ಲೋಬಲ್’ ಆಗಿರಬೇಕು. ಅದು ಡಿಸ್ಕವರ್, ಡೈನರ್ಸ್ ಜಾಲಗಳ ಬೆನ್ನೇರಿ ಸಂಚರಿಸುತ್ತದೆ. ಲಂಡನ್ನಿನ ಟ್ಯೂಬ್ ರೈಲಿನ ಗೇಟಿಗೆ ವೀಸಾ, ಮಾಸ್ಟರ್‌ಕಾರ್ಡ್ ಮುಟ್ಟಿಸಿದರೆ ಸಾಕು. ಆದರೆ ತಲೆಗೊಂದು ಕಾರ್ಡ್ ಬೇಕು. ಸಪ್ತಪದಿ ತುಳಿದಿದ್ದರೂ ದಂಪತಿಗಳು ಒಂದೇ ಕಾರ್ಡಿನಲ್ಲಿ ಒಳಹೋಗುವಂತಿಲ್ಲ.

ಸಿದ್ಧಾಂತ

ನಾಲ್ಕು ಶಾಖೆಗಳೂ ತಂತಮ್ಮ ಜೇಬನ್ನೇ ನೋಡಿಕೊಂಡು ವಾದಿಸುತ್ತಿವೆ, ಎದುರಿಗಿರುವ ಅಂಗಡಿಯವನನ್ನು ಯಾರೂ ನೋಡಿಲ್ಲ. ನಮ್ಮ ಸೂತ್ರ ಹೀಗಿದೆ: ಮಿಷನ್ ಒಪ್ಪಿದ್ದೇ ಕಾರ್ಡ್.

ಇದಕ್ಕೆ ದೃಷ್ಟಾಂತ ಹುಡುಕಲು ವಿಮಾನ ಹತ್ತಬೇಕಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡ್ ತೂಗಿತು. ನಿನ್ನೆಯವರೆಗೆ ಐದು ರೂಪಾಯಿಯ ಶುಂಠಿ ಪೆಪ್ಪರ್‌ಮಿಂಟಿಗೂ ಸ್ಕ್ಯಾನ್ ಮಾಡಿದ್ದವರು ಮನೆಗೆ ಓಡಿ ಚಿಲ್ಲರೆ ಹುಡುಕಿದರು. ಫೋನೂ ಸರಿಯಿತ್ತು, ಬ್ಯಾಂಕೂ ಸರಿಯಿತ್ತು, ಅಂಗಡಿಯವನಿಗೆ ಬೇಡವಾಗಿತ್ತು. ಕೆಂಗೇರಿಯ ಕಾಂಡಿಮೆಂಟ್ಸಿಗೂ ಬರ್ಲಿನ್ನಿನ ಬೇಕರಿಗೂ ತರ್ಕ ಒಂದೇ: ತನಗೆ ಏನು ಖರ್ಚು, ಏನು ತಲೆನೋವು ಎಂದು ನೋಡಿ ಅಂಗಡಿಯವನು ತೀರ್ಮಾನಿಸುತ್ತಾನೆ.

ಆದಕಾರಣ ವಿಧಿ: ಎರಡು ಕಾರ್ಡ್ ಇರಲಿ, ಎರಡೂ ಬೇರೆ ಬೇರೆ ಜಾಲದವಿರಲಿ, ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಒಂದೇ ಜಾಲದ ಐದು ಕಾರ್ಡ್ ಒಯ್ಯುವುದು ಶಾಸ್ತ್ರದೃಷ್ಟಿಯಿಂದ ಒಂದೇ ಕಾರ್ಡ್ ಒಯ್ದಂತೆ. ಇದಕ್ಕೆ ಬ್ಯಾಂಕನ್ನು ಬೇಡಿಕೊಳ್ಳಬೇಕಿಲ್ಲ: 2024ರ ಸೆಪ್ಟೆಂಬರ್ 6ರಿಂದ ದೊಡ್ಡ ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ಕೊಡುವಾಗ ಜಾಲದ ಆಯ್ಕೆಯನ್ನು ಗ್ರಾಹಕರಿಗೆ ಬಿಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಎರಡನ್ನೂ ಒಂದೇ ಪರ್ಸಿನಲ್ಲಿಟ್ಟು ಕಳೆದುಕೊಳ್ಳುವುದು ಮಹಾಪಾತಕ. ಜೊತೆಗೆ ರಾಜಾಜಿನಗರ ಶಾಖೆಯ ಗೌರವಾರ್ಥ ಸ್ವಲ್ಪ ನಗದು.

ಶೇಷ ಪ್ರಕರಣ

ಕಾರ್ಡ್ ಒಪ್ಪಿಗೆಯಾದ ಮೇಲೂ ಶಾಸ್ತ್ರ ಮುಗಿಯುವುದಿಲ್ಲ. ಹೊರದೇಶದಲ್ಲಿ ಉಜ್ಜಿದ ಪ್ರತಿ ಮೊತ್ತಕ್ಕೂ ಅನೇಕ ಕಾರ್ಡುಗಳಲ್ಲಿ ಶೇ. 3.5ರಷ್ಟು ಮಾರ್ಕಪ್, ಅದರ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ದಕ್ಷಿಣೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ಕೇಳಿ ಪಡೆಯಬೇಕು. ಮಿಷನ್ ‘ರೂಪಾಯಿಯಲ್ಲಿ ಕೊಡುವಿರಾ, ಡಾಲರಿನಲ್ಲಿ ಕೊಡುವಿರಾ?’ ಎಂದು ಕೇಳಿದಾಗ ಪರದೇಶದಲ್ಲಿ ರೂಪಾಯಿ ಕಂಡ ಸಂತೋಷಕ್ಕೆ ಕಣ್ಣು ತೇವ ಮಾಡಿಕೊಂಡು ರೂಪಾಯಿ ಒತ್ತಬಾರದು. ಹಾಗೆ ಒತ್ತಿದರೆ ಬೀಳುವ ವಿನಿಮಯ ದರದಲ್ಲಿ ಮಿಷನ್ನಿನವರ ಲಾಭ ಸೇರಿರುತ್ತದೆ, ನಮ್ಮ ಅನೇಕ ಬ್ಯಾಂಕುಗಳು ಅದರ ಮೇಲೂ ಶುಲ್ಕ ಹಾಕುತ್ತವೆ. ಯಾವ ದೇಶವೋ ಆ ದೇಶದ ದುಡ್ಡನ್ನೇ ಒತ್ತುವುದು.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರಿಗೂ ಒಂದು ವಿಘ್ನ ಉಳಿದೇ ಇರುತ್ತದೆ. 2020ರ ಅಕ್ಟೋಬರ್ 1ರಿಂದ ಈಚೆಗೆ ಕೊಟ್ಟ ಕಾರ್ಡುಗಳು ಹುಟ್ಟುತ್ತಲೇ ಸ್ವದೇಶಿಗಳು. ಹೊರದೇಶದ ಬಳಕೆಯನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಬೇಕು. ಇದನ್ನು ಮನೆಯಲ್ಲೇ ಮಾಡಿ. ಅಲ್ಲಿಗೆ ಹೋಗಿ ಮಾಡುತ್ತೇನೆಂದರೆ ಓಟಿಪಿ ಬರುವ ಸಿಮ್ ಹಾವನೂರು ಸರ್ಕಲ್ಲಿನ ಮನೆಯ ಬೀರುವಿನಲ್ಲಿ ಉಳಿದಿರುತ್ತದೆ. ವಾಪಸು ಬಂದ ದಿನವೇ ಹೊರದೇಶದ ಬಳಕೆಯನ್ನು ಆಫ್ ಮಾಡುವುದನ್ನೂ ಮರೆಯಬೇಡಿ: ಹೊರದೇಶದ ಆನ್‌ಲೈನ್ ಅಂಗಡಿಗಳು ಎಷ್ಟೋ ಸಲ ಓಟಿಪಿ ಕೇಳದೆಯೇ ದುಡ್ಡು ಎಳೆದುಕೊಳ್ಳುತ್ತವೆ.