ವಿಮಾನ ಎಲ್ರೀ?

ಜಪಾನಿನ ಪುಟಾಣಿ ರೈಲುಗಳ ಲೋಕದಲ್ಲಿ ಮೊದಲ ಸುಳ್ಳು ಹಳಿಯಿಂದಲೇ ಶುರುವಾಗುತ್ತದೆ. ಆ ದೇಶದ ಮಾಮೂಲಿ ರೈಲುಗಳು ಓಡುವುದು 1067 ಮಿಲಿಮೀಟರ್ ಅಗಲದ ಹಳಿಯ ಮೇಲೆ. ಮಾದರಿ ಮಾಡುವವರು ಗಾಡಿಯನ್ನು 150 ಪಾಲು ಕುಗ್ಗಿಸುತ್ತಾರೆ. ಆ ಲೆಕ್ಕದಲ್ಲಿ ಹಳಿಯ ಅಗಲ ಏಳು ಮಿಲಿಮೀಟರ್ ಚಿಲ್ಲರೆ ಇರಬೇಕು, ಇರುವುದು ಒಂಬತ್ತು. ಎನ್ ಗೇಜ್ ಎಂದರೆ ಜಗತ್ತಿನಲ್ಲೆಲ್ಲ ಒಂಬತ್ತೇ, ಜಪಾನಿಗೆ ಮಾತ್ರ ಬೇರೆ ಹಳಿ ಯಾರು ಮಾಡಿಯಾರು? ಶಿಂಕಾನ್ಸೆನ್ ಗಾಡಿಯದು ನಿಜಕ್ಕೂ ಅಗಲ ಹಳಿ, ಹಾಗಾಗಿ ಅದನ್ನು 160 ಪಾಲು ಕುಗ್ಗಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದೇ ಮೇಜಿನ ಮೇಲೆ ಎರಡು ಅಳತೆಯ ಜಪಾನ್! ಕಾಟೊ ಕಂಪನಿಯವರು 1965ರಲ್ಲಿ ಸಿ50 ಎಂಬ ಉಗಿ ಎಂಜಿನನ್ನು ಈ ಗಾತ್ರದಲ್ಲಿ ಮಾರುಕಟ್ಟೆಗೆ ಬಿಟ್ಟಂದಿನಿಂದ ಜನ ಈ ಸುಳ್ಳನ್ನು ಖುಷಿಯಾಗಿ ಕೊಂಡು ಮನೆಗೆ ಒಯ್ಯುತ್ತಿದ್ದಾರೆ.

ಒಸಾಕಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗೆಲ್ಲ ಒಂದೆರಡು ಪೆಟ್ಟಿಗೆ ತಂದುಕೊಟ್ಟು ನನ್ನನ್ನು ಕೆಡಿಸಿದ್ದಾನೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆಯೊಂದಿದೆ. ಅದೇ ನನ್ನ ಜಪಾನ್. ಅದರಲ್ಲಿ ಒಂದು ಏರ್‌ಪೋರ್ಟ್ ಸ್ಟೇಷನ್ ಇರಲೇಬೇಕೆಂಬ ಹಟ ನನಗೆ ಹಿಡಿದದ್ದಕ್ಕೆ ಕಾರಣ ಕಾನ್ಸಾಯ್.

ಒಸಾಕಾ ಕೊಲ್ಲಿಯ ನಡುವೆ ಮಣ್ಣು ಸುರಿದು ದ್ವೀಪ ಮಾಡಿ, ಅದರ ಮೇಲೆ ಕಟ್ಟಿದ ವಿಮಾನ ನಿಲ್ದಾಣ ಅದು. 1994ರ ಸೆಪ್ಟೆಂಬರ್ 4ರಂದು ಶುರುವಾಯಿತು. ಟರ್ಮಿನಲ್ ಕಟ್ಟಡದ ವಿನ್ಯಾಸ ಇಟಲಿಯ ರೆಂಜೊ ಪಿಯಾನೊ ಅವರದು. ರೈಲಿನವನಿಗೆ ಅಲ್ಲಿ ಹಬ್ಬ. ಒಂದೇ ಸ್ಟೇಷನ್ನಿನಲ್ಲಿ ಎರಡು ಕಂಪನಿಗಳ ಪ್ಲಾಟ್‌ಫಾರ್ಮ್ ಅಕ್ಕಪಕ್ಕ: ಜೆಆರ್‌ನದೊಂದು, ನಾನ್‌ಕಾಯ್‌ಯವರದೊಂದು. ಜೆಆರ್‌ನವರ ಹರುಕಾ ಕ್ಯೋಟೊದಿಂದ ಗಂಭೀರವಾಗಿ ಬಂದು ನಿಲ್ಲುತ್ತದೆ. ನಾನ್‌ಕಾಯ್‌ಯವರ ರಾಪಿಟೊ ಹಾಗಲ್ಲ. ಕಡುನೀಲಿ ಮೈ, ಮೊಟ್ಟೆಯಾಕಾರದ ಕಿಟಕಿ, ಉಕ್ಕಿನ ಶಿರಸ್ತ್ರಾಣ ತೊಟ್ಟಂಥ ಮುಖ. ವಾಕಾಬಾಯಾಶಿ ಹಿರೊಯುಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಗಾಡಿಗೆ ಅಲ್ಲಿನ ಜನ ಕಾಮಿಕ್ಸಿನ ರೋಬೋ ‘ಟೆಟ್ಸುಜಿನ್ 28’ರ ಹೆಸರಿಟ್ಟು ತಮಾಷೆ ಮಾಡುತ್ತಾರೆ. ಇನ್ನು ಜೆಆರ್‌ನ ‘ರ‍್ಯಾಪಿಡ್’ ಗಾಡಿಯ ಆಟವೇ ಬೇರೆ. ಹಿನೆನೊ ಸ್ಟೇಷನ್ನಿನಲ್ಲಿ ಅದು ಎರಡು ತುಂಡಾಗುತ್ತದೆ. ಅರ್ಧ ವಿಮಾನ ನಿಲ್ದಾಣಕ್ಕೆ, ಅರ್ಧ ವಾಕಾಯಾಮಾ ಕಡೆಗೆ. ಡಬ್ಬಿ ನೋಡದೆ ಹತ್ತಿದವನ ವಿಮಾನ ಮೇಲೇರುವ ಹೊತ್ತಿಗೆ ಅವನು ವಾಕಾಯಾಮಾದ ಕಿತ್ತಳೆ ತೋಟ ನೋಡುತ್ತಿರುತ್ತಾನೆ. ಇಷ್ಟೆಲ್ಲ ನಾಟಕವಿರುವ ಸ್ಟೇಷನ್ನನ್ನು ಬಿಟ್ಟು ಹಳ್ಳಿಯ ಒಂಟಿ ಪ್ಲಾಟ್‌ಫಾರ್ಮ್ ಮಾಡಲು ಯಾರಿಗೆ ಮನಸ್ಸು ಬಂದೀತು?

ಮನಸ್ಸು ಬಂದರೇನು, ಲೆಕ್ಕ ಬರಬೇಕಲ್ಲ. ಒಂಬತ್ತು ಡಬ್ಬಿಯ ಹರುಕಾ ನಿಲ್ಲಲು ಒಂದೂಕಾಲು ಮೀಟರ್ ಪ್ಲಾಟ್‌ಫಾರ್ಮ್ ಬೇಕು. ಅದು ಹೇಗೋ ಹಿಡಿದೀತು. ಆದರೆ ಟರ್ಮಿನಲ್ಲಿನ ಉದ್ದ 1.7 ಕಿಲೋಮೀಟರ್, 150 ಪಾಲು ಕುಗ್ಗಿಸಿದರೂ ಹನ್ನೊಂದು ಮೀಟರ್. ಮೊದಲ ರನ್‌ವೇ ಇಪ್ಪತ್ತಮೂರು ಮೀಟರ್. ದ್ವೀಪಕ್ಕೆ ರೈಲನ್ನು ಕರೆತರುವ ಸೇತುವೆ 3.75 ಕಿಲೋಮೀಟರ್; ಮೇಲೆ ಕಾರು, ಕೆಳಗೆ ರೈಲು. ಅದನ್ನು ಅಳತೆಗೆ ಸರಿಯಾಗಿ ಕಟ್ಟಹೊರಟರೆ ನಮ್ಮ ಹಾಲ್ ದಾಟಿ, ಗೇಟು ದಾಟಿ, ರಸ್ತೆ ದಾಟಿ ಎದುರುಮನೆಯವರ ಅಡುಗೆಮನೆಯ ಹೊತ್ತಿಗೆ ವಿಮಾನ ನಿಲ್ದಾಣ ಬರುತ್ತದೆ. ಅವರು ಒಳ್ಳೆಯವರೇ, ಆದರೂ ಕೇಳುವುದು ಚೆನ್ನಾಗಿರುವುದಿಲ್ಲ.

ಅಂತೂ ಟರ್ಮಿನಲ್ಲಿನ ಒಂದು ತುಣುಕನ್ನಷ್ಟೇ ಗೋಡೆಗೆ ಒತ್ತಿ ನಿಲ್ಲಿಸಿ, ಮುಂದೆ ಪ್ಲಾಟ್‌ಫಾರ್ಮ್ ಜೋಡಿಸಿ ನೋಡಿದ್ದಾಯಿತು. ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಬಂದು ಒಂದು ಸುತ್ತು ಹಾಕಿದಳು.

“ಏರ್‌ಪೋರ್ಟ್ ಅಂದ್ರಲ್ಲ, ವಿಮಾನ ಎಲ್ರೀ?”

ಪ್ರಶ್ನೆ ನ್ಯಾಯವಾದದ್ದೇ. ಜಂಬೋ ವಿಮಾನ 747ರ ಉದ್ದ ಎಪ್ಪತ್ತು ಮೀಟರ್. ನಮ್ಮ ಅಳತೆಯಲ್ಲಿ ನಲವತ್ತೇಳು ಸೆಂಟಿಮೀಟರ್, ಅಂದರೆ ಮೂರಡಿ ಹಲಗೆಯ ಅರ್ಧ. ಅದನ್ನು ಇಳಿಸಿದರೆ ಜಪಾನಿನಲ್ಲಿ ಜಪಾನಿಗೇ ಜಾಗವಿಲ್ಲ. ಬಲ್ಲವರು ಇದಕ್ಕೊಂದು ಉಪಾಯ ಮಾಡುತ್ತಾರೆ: ಸಂಗ್ರಹಕಾರರಿಗಾಗಿ 500 ಪಾಲು ಕುಗ್ಗಿಸಿದ ಲೋಹದ ವಿಮಾನಗಳು ಸಿಗುತ್ತವೆ, ಅವನ್ನು ಹಿಂದಿನ ಗೋಡೆಯ ಬಳಿ ಇಟ್ಟರೆ ದೂರದಲ್ಲಿರುವಂತೆ ಕಾಣುತ್ತವೆ. ಕಾಣುವುದು ನಿಜ, ಆದರೆ ಒಂದೇ ಕೋನದಿಂದ. ಪಕ್ಕಕ್ಕೆ ಸರಿದರೆ ಜಂಬೋ ವಿಮಾನ ಹರುಕಾದ ಒಂದು ಡಬ್ಬಿಯಷ್ಟೇ ಉದ್ದ. ಬರುವ ನೆಂಟರನ್ನೆಲ್ಲ “ಇಲ್ಲೇ ನಿಂತು ನೋಡಿ, ಅಲ್ಲಾಡಬೇಡಿ” ಎಂದು ಹಿಡಿದು ನಿಲ್ಲಿಸಲಾಗುತ್ತದೆಯೇ?

ಒಂದು ವಿಷಯದಲ್ಲಿ ಮಾತ್ರ ನನ್ನ ಹಲಗೆ ಕಾನ್ಸಾಯ್‌ಯನ್ನು ಚಾಚೂ ತಪ್ಪದೆ ಅನುಸರಿಸಿತು. ಆ ದ್ವೀಪ ಕಟ್ಟತೊಡಗಿದಂದಿನಿಂದ ಹತ್ತು ಮೀಟರಿಗೂ ಹೆಚ್ಚು ಕುಸಿದಿದೆ. ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಅದಕ್ಕೇ ಟರ್ಮಿನಲ್ಲಿನ ಕಂಬಗಳನ್ನು ಜಾಕ್ ಕೊಟ್ಟು ಎತ್ತಿ, ಅಡಿಗೆ ಉಕ್ಕಿನ ತಗಡು ತೂರಿಸಿ ಸಮಮಾಡುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಪ್ಲೈವುಡ್ ಬಗ್ಗಿ ರಾಪಿಟೊ ತಾನಾಗಿಯೇ ಇಳಿಜಾರಿಗೆ ಹೊರಟಾಗ ನಾನೂ ಮೇಜಿನ ಕಾಲೆತ್ತಿ ಹಳೆಯ ವಿಸಿಟಿಂಗ್ ಕಾರ್ಡು ತೂರಿಸಿದೆ. ವಿಮಾನ ನಿಲ್ದಾಣದ ಎಂಜಿನಿಯರುಗಳ ಕಷ್ಟ ನನಗಿಂತ ಚೆನ್ನಾಗಿ ಅರ್ಥವಾದವರು ಈ ಬಡಾವಣೆಯಲ್ಲಿ ಇರಲಾರರು.

ನಡುವೆ ನಾರಿತಾ ಆಸೆ ತೋರಿಸಿತು. ಟೋಕಿಯೊದ ಆ ವಿಮಾನ ನಿಲ್ದಾಣದ ಅಡಿಯಲ್ಲಿ ಶಿಂಕಾನ್ಸೆನ್ನಿಗೆಂದು ಸ್ಟೇಷನ್ನಿನ ಗೂಡನ್ನೇನೋ ಕಟ್ಟಿಟ್ಟಿದ್ದರು. ಯೋಜನೆ ನಿಂತುಹೋಯಿತು, ಗೂಡು ಖಾಲಿ ಉಳಿಯಿತು. 1978ರಿಂದ ಕೇಸೆ ಕಂಪನಿಯ ರೈಲಿನಲ್ಲಿ ಬಂದವರು ಸ್ವಲ್ಪ ದೂರದಲ್ಲೇ ಇಳಿದು ಟರ್ಮಿನಲ್ಲಿಗೆ ಬಸ್ಸು ಹಿಡಿಯಬೇಕಿತ್ತು. 1991ರಲ್ಲಿ ಅದೇ ಗೂಡಿಗೆ ಮಾಮೂಲಿ ಹಳಿ ಹಾಕಿ ರೈಲು ಬಿಟ್ಟ ಮೇಲೆ ಆ ಪಾಡು ತಪ್ಪಿತು. (ನಮ್ಮ ದೇವನಹಳ್ಳಿಯಲ್ಲಿ 2021ರಲ್ಲಿ ತೆರೆದ ಪುಟ್ಟ ಹಾಲ್ಟ್ ಸ್ಟೇಷನ್ನಿನಲ್ಲಿ ಇಳಿದವರೂ ಟರ್ಮಿನಲ್ಲಿಗೆ ಬಸ್ಸೇ ಹತ್ತಬೇಕು, ಈ ವಿಚಾರದಲ್ಲಿ ನಾವು ಜಪಾನಿಗೆ ಏನೂ ಕಮ್ಮಿಯಿಲ್ಲ.) ನೆಲದಡಿಯ ಸ್ಟೇಷನ್ ಮಾದರಿಗೆ ಬಲು ಸಲೀಸು: ಹಲಗೆಗೊಂದು ತೂತು, ಒಂದು ಎಸ್ಕಲೇಟರ್, ಒಂದು ಬೋರ್ಡು. ಆದರೆ ರೈಲು ಕಾಣದ ರೈಲಿನಾಟ ಯಾರಿಗೆ ಬೇಕು?

ಕೊನೆಗೆ ಕೈಹಿಡಿದದ್ದು ಮಿಯಾಝಾಕಿ. ಕ್ಯೂಶು ದ್ವೀಪದ ದಕ್ಷಿಣದಲ್ಲಿ, ತಾಯೋಶಿಯಲ್ಲಿ ಕವಲೊಡೆದು ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗದ ಉದ್ದ ಬರೀ 1.4 ಕಿಲೋಮೀಟರ್. 1996ರಲ್ಲಿ ಶುರುವಾಯಿತು. ಎತ್ತರದ ಮೇಲೊಂದು ಪ್ಲಾಟ್‌ಫಾರ್ಮ್, ಆಚೆಗೊಂದು ಈಚೆಗೊಂದು ಹಳಿ, ಮುಂದೆ ದಾರಿಯಿಲ್ಲ. ಕೆಂಪು ಬಣ್ಣದ 713 ಗಾಡಿಗೆ ಎರಡೇ ಡಬ್ಬಿ, ಒಂದಡಿಯೂ ಬೇಡ. ನಾಲ್ಕು ಡಬ್ಬಿಯ 787 ಎಕ್ಸ್‌ಪ್ರೆಸ್ ಬಂದರೂ ಅರ್ಧ ಮೀಟರ್ ಚಿಲ್ಲರೆಯಲ್ಲಿ ನಿಲ್ಲುತ್ತದೆ. ಆ ವಿಮಾನ ನಿಲ್ದಾಣಕ್ಕೆ 2014ರಿಂದ ಬೋಗನ್‌ವಿಲ್ಲೆಯ ಹೆಸರೂ ಸೇರಿದೆ, ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಅದೇ ಕಾಗದದ ಹೂ. ಸ್ಪಂಜಿನ ಪುಡಿಗೆ ರಾಣಿ ಬಣ್ಣ ಹಚ್ಚಿ ಅಂಟಿಸಿದರೆ ಮುಗಿಯಿತು.

ವಿಮಾನದ ಬದಲು ನಾನು ಸೂಟ್‌ಕೇಸಿಗೆ ಮೊರೆಹೋದೆ. ಪ್ಲಾಟ್‌ಫಾರ್ಮಿನ ಮನುಷ್ಯ ಈ ಅಳತೆಯಲ್ಲಿ ಹನ್ನೊಂದು ಮಿಲಿಮೀಟರ್. ಅವನ ಪೆಟ್ಟಿಗೆ ನಾಲ್ಕೂವರೆ. ಕಿಟ್ಟಿನ ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನಿಂದ ತುಂಡು ಹೆಚ್ಚಿ, ಉಗುರಿನ ಅರದಿಂದ ಮೂಲೆ ದುಂಡಗೆ ಮಾಡಿ, ಹಲ್ಲುಕಡ್ಡಿಯ ತುದಿಯಿಂದ ಬಣ್ಣ ಮುಟ್ಟಿಸಬೇಕು. ಹಿಡಿಕೆಗೆ ಹಳೆಯ ಬ್ರಷ್ಷಿನ ಒಂದು ಕೂದಲು. ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲಿಸುವಾಗ ಫ್ಯಾನ್ ಆರಿಸಿರಬೇಕು; ಇಲ್ಲದಿದ್ದರೆ ಲಗೇಜು ಪ್ರಯಾಣಿಕನಿಗಿಂತ ಮೊದಲೇ ಹಾರುತ್ತದೆ. ಏಪ್ರಿಲ್ ತಿಂಗಳಲ್ಲಿ ಇದು ತಪಸ್ಸೇ. ಆದರೆ ಹತ್ತು ಪೆಟ್ಟಿಗೆ ಸಾಲಾಗಿ ನಿಂತ ಮೇಲೆ ನೋಡಿದವರೆಲ್ಲ, ಯಾರೂ ಹೇಳದೆಯೇ, ಇದು ಏರ್‌ಪೋರ್ಟ್ ಸ್ಟೇಷನ್ ಎಂದರು. ನನ್ನ ಹೆಂಡತಿಯೂ ವಿಮಾನ ಕೇಳಲಿಲ್ಲ. ಬದಲಿಗೆ “ಆ ಕೆಂಪು ಸೂಟ್‌ಕೇಸ್ ನಮ್ದಿದ್ದ ಹಾಗಿದೆ” ಎಂದಳು.

ಆ ಕಡೆ ಹೋಗುವವರಿಗೊಂದು ಮಾತು. ಮಿಯಾಝಾಕಿ ಸ್ಟೇಷನ್ನಿನಿಂದ ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಅಷ್ಟು ದೂರಕ್ಕೆ ಮಾಮೂಲಿ ಟಿಕೆಟ್ಟಿನಲ್ಲೇ ಎಕ್ಸ್‌ಪ್ರೆಸ್ ಗಾಡಿಯ ರಿಸರ್ವ್ ಆಗದ ಸೀಟಿನಲ್ಲಿ ಕೂರಬಹುದು, ಮೇಲೆ ಒಂದು ಯೆನ್ ಕೂಡ ಕೊಡಬೇಕಿಲ್ಲ. ಪ್ಯಾಸೆಂಜರಿಗೆ ಕಾಯದೆ ಎಕ್ಸ್‌ಪ್ರೆಸ್ಸನ್ನೇ ಹತ್ತಿ.